ಎರಡೂ ಕಡೆಯ ಬೀಗತಿ

ಒಂದು ಸ್ಟೀಲ್ ಲೋಟದಿಂದ ಇನ್ನೊಂದು ಲೋಟಕ್ಕೆ ನೀರು ಬೀಳುವ ಸದ್ದು. ಮತ್ತೆ ಆ ಲೋಟದಿಂದ ಈ ಲೋಟಕ್ಕೆ. ಸಿಂಧನೂರಿನ ನಮ್ಮ ಮನೆಯ ಹಿತ್ತಲಲ್ಲಿ ಮಧ್ಯಾಹ್ನವಿಡೀ ಅದೊಂದೇ ಸದ್ದು ಇರುತ್ತಿತ್ತು. ಮೊದಮೊದಲು ಅದನ್ನು ಕೇಳಿ ತಲೆ ಚಿಟ್ಟು ಹಿಡಿಯುತ್ತಿತ್ತು. ಆಮೇಲಾಮೇಲೆ ಅದು ನಿಂತರೇ ಗಾಬರಿಯಾಗಿ ಎದ್ದು ನೋಡುವಂತಾಯಿತು.

ನೀರು ಸುರಿಯುತ್ತಿದ್ದವಳು ನನ್ನ ಮೊಮ್ಮಗಳು ನೀಲು. ಆಗ ಅವಳಿಗೆ ಎಂಟು ತುಂಬಿತ್ತು. ಮಾತು ಬಂದಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಮಿಕ್ಸರ್ ಹಚ್ಚಿದರೆ ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಬಳ್ಳಾರಿಯ ಡಾಕ್ಟರು ಇದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರು ಹೇಳಿ ಕಳಿಸಿದ್ದರು. ಹೈದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು ಎಂದು ಮನೆಯವರೆಲ್ಲ ನನ್ನ ಮುಖ ನೋಡಿದರು. ಆ ಹೆಸರನ್ನು ನಾನು ಬಹಳ ಚೆಂದವಾಗಿ ಪ್ರೊನೌನ್ಸ್ ಮಾಡಿದೆ. ಅಷ್ಟೇ ನನ್ನಿಂದಾದದ್ದು.

ಅಂಥ ಒಂದು ಮಧ್ಯಾಹ್ನ ಗೇಟಿನ ಚಿಲಕ ತಾನೇ ತೆಗೆದುಕೊಂಡು ಒಬ್ಬ ಹೆಂಗಸು ಒಳಗೆ ಬಂದಳು. ಒಳ್ಳೆಯ ಇಳಕಲ್ ಸೀರೆ, ಬಾಯಲ್ಲಿ ಎಲೆಯಡಿಕೆ, ಬಗಲಲ್ಲಿ ಚೀಲ. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವಳು. ನಮಸ್ಕಾರವಿಲ್ಲ, ಇಂಟ್ರೊಡಕ್ಷನ್ ಇಲ್ಲ. ಹಿತ್ತಲ ಕಡೆಗೆ ಕಿವಿಗೊಟ್ಟು ನಿಂತು, "ಕಾಲುವಿ ನೀರು ನಮಗ ಮುಟ್ಟವಲ್ದು ಅಂತ ಕೆಳಗಿನ ರೈತರು ಹೊಯ್ಕೊಳ್ಳಾಕತ್ತಾರ. ಎಲ್ಲಾ ನಿಮ್ಮ ಹಿತ್ತಲದಾಗ ಹರಿಯಾಕತ್ತೈತಲ್ರಿ!" ಎಂದಳು.

"ನೀವು ಯಾರು?" ಎಂದು ಕೇಳಿದೆ.

"ನಾನಾ? ಮಸ್ಕಿಯಾಕಿ. ಚಾ ಕುಡದು ಬಂದೀನಿ, ಹೆದರಬ್ಯಾಡ್ರಿ. ಆದ್ರ ಅವಲಕ್ಕಿ ಕೊಟ್ರ ಒಲ್ಲೆ ಅನ್ನಂಗಿಲ್ಲ."

ಹೀಗೆ ಬಂದವಳು ಆಮೇಲೆ ಏಳೆಂಟು ವರ್ಷ ಬರುತ್ತಲೇ ಇದ್ದಳು. ಹೆಸರು ನಾನಿಲ್ಲಿ ಬರೆಯುವುದಿಲ್ಲ. ಈ ಸೀಮೆಯಲ್ಲಿ ನಮ್ಮಂಥ ಮನೆಗಳವರೆಲ್ಲ ಆಕೆಯನ್ನು ಮಸ್ಕಿ ಅಮ್ಮ ಎಂದೇ ಕರೆಯುತ್ತಿದ್ದುದು. ನಮ್ಮಂಥ ಮನೆ ಎಂದರೆ ನೀಲುವಿನಂಥ ಮಗು ಇರುವ ಮನೆ.

ಮಸ್ಕಿಯ ಅರಳೆ ವ್ಯಾಪಾರಸ್ಥರ ಮನೆತನದ ಹಿರಿಯ ಸೊಸೆ ಆಕೆ. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಕೊರತೆಯಿಲ್ಲದ ಹೆಂಗಸರು ನಮ್ಮ ಕಡೆ ಟಿವಿ ನೋಡುತ್ತಾರೆ, ಇಲ್ಲವೇ ಸೊಸೆಯಂದಿರನ್ನು ನೋಡಿಕೊಳ್ಳುತ್ತಾರೆ. ಈಕೆ ಬಸ್ಸು ಹತ್ತುತ್ತಿದ್ದಳು. ಒಂದು ದಿನ ಸಿಂಧನೂರು, ಒಂದು ದಿನ ಲಿಂಗಸುಗೂರು, ನಡುವೆ ಯಾವುದಾದರೂ ಹಳ್ಳಿ. ಡ್ರೈವರ್ ಹಿಂದಿನ ಸೀಟೇ ಬೇಕು. ಅದರಲ್ಲಿ ಯಾರಾದರೂ ಕೂತಿದ್ದರೆ ಕಂಡಕ್ಟರುಗಳೇ ಎಬ್ಬಿಸುತ್ತಿದ್ದರು. ಯಾಕೆ ಎಂದು ಒಬ್ಬ ಕಂಡಕ್ಟರನ್ನು ಒಮ್ಮೆ ಕೇಳಿದೆ. "ಗೊತ್ತಿಲ್ರಿ, ಮೊದ್ಲಿಂದ ಹಂಗ ಐತಿ" ಎಂದ.

ಆಕೆಯ ಹಿಂದೆ ಸಂಸ್ಥೆಯಿಲ್ಲ, ಬೋರ್ಡಿಲ್ಲ, ರಸೀದಿಯಿಲ್ಲ. ಯಾವ ಮನೆಯಲ್ಲಿ ಇಂಥ ಕೂಸಿದೆ ಎಂಬುದನ್ನು ಕಿರಾಣಿ ಅಂಗಡಿ, ಬಸ್‌ಸ್ಟ್ಯಾಂಡ್, ಮೆಡಿಕಲ್ ಶಾಪುಗಳ ಮುಂದೆ ನಿಂತು ಹರಟೆ ಹೊಡೆದೇ ಪತ್ತೆ ಮಾಡುತ್ತಿದ್ದಳು. ಗಾಸಿಪ್ ಮಾಡಿದರೆ ನಮ್ಮ ಸಿಸ್ಟರ್‌ಗಳು ನಮ್ಮನ್ನು ಮೊಣಕಾಲ ಮೇಲೆ ನಿಲ್ಲಿಸುತ್ತಿದ್ದರು. ಅದೇ ಪಾಪವನ್ನು ಈಕೆ ಸೋಷಿಯಲ್ ಸರ್ವಿಸ್ ಮಾಡಿಕೊಂಡಿದ್ದಳು.

ಮೊದಲ ದಿನವೇ ಅವಲಕ್ಕಿ ತಿಂದು ಕೈತೊಳೆದು ನನ್ನ ಸೊಸೆ ಶೈಲಾಳನ್ನು ದಿಟ್ಟಿಸಿ ನೋಡಿದಳು. "ನೀ ಯಾವಾಗ ಮಲಗೀದಿ ಬೇ?"

"ರಾತ್ರಿ ಮಲಗ್ತೀನಲ್ರಿ."

"ಸುಳ್ಳ ಹೇಳಬ್ಯಾಡ. ನಿನ್ನ ಕಣ್ಣು ನೋಡಿದ್ರ ಗೊತ್ತಾಗತೈತಿ. ಹೋಗು, ಒಳಗ ಹೋಗಿ ಬಾಗ್ಲಾ ಹಾಕ್ಕೊಂಡು ಬಿದ್ಕೊ. ಸಂಜಿತನ ಹೊರಗ ಬಂದ್ರ ಕಾಲು ಮುರೀತೀನಿ. ಕೂಸು ನಾ ನೋಡ್ತೀನಿ, ನಿಮ್ಮತ್ತಿ ನನ್ನ ನೋಡ್ತಾಳ."

ಶೈಲಾ ಒಳಗೆ ಹೋಗಿ ದೀಪ ಹಚ್ಚುವ ಹೊತ್ತಿನವರೆಗೂ ಮಲಗಿದ್ದಳು. ಎದ್ದು ಬಂದವಳು ಬೇರೆ ಯಾರೋ ಎನ್ನಿಸಿತು ನನಗೆ. ಮುಂದಿನ ಸಲ ಬಂದಾಗ ಆಕೆ ಸಾಲಗುಂದದ ಒಬ್ಬ ತಾಯಿಯ ಫೋನಿಗೆ ಹಚ್ಚಿ ಶೈಲಾಳ ಕೈಗೆ ಕೊಟ್ಟು, "ಈಕಿ ಮಗನೂ ನಿನ್ನ ಮಗಳಂಗ. ಇಬ್ರೂ ಕೂಡಿ ನಿಮ್ಮ ಅತ್ತಿಗೋಳ್ನ ಬೈರಿ" ಎಂದಳು. ನನ್ನ ಎದುರಿಗೇ! ಅಂದಿನಿಂದ ದಿನಾ ಸಂಜೆ ಅವರಿಬ್ಬರ ಮಾತು. ಬಳಗಾನೂರಿನ ಇನ್ನೊಬ್ಬಳೂ ಬಂದು ಸೇರಿದಳು. ಅಡುಗೆಮನೆಯಿಂದ ಶೈಲಾ ನಗುವುದು ಕೇಳಿಸಿದಾಗ ನಾನು ಪೇಪರ್ ಕೆಳಗಿಟ್ಟೆ. ನನ್ನನ್ನೇ ಬೈಯುತ್ತಿದ್ದಿರಬಹುದು. ಬೈಯಲಿ, ಗಾಡ್ ಬ್ಲೆಸ್ ದೆಮ್.

ಆಕೆಗೆ ಎಲ್ಲವೂ ಗೊತ್ತಿತ್ತು ಎಂದಲ್ಲ. ಎಷ್ಟೋ ವಿಷಯ ತಪ್ಪೇ ಹೇಳುತ್ತಿದ್ದಳು. ಸದ್ದು ತಾಳುವುದಿಲ್ಲವೆಂದು ನೀಲುವಿನ ಕಿವಿಗೆ ಅರಳೆ ತುರುಕಲು ಹೋಗಿ ಕೈ ಕಚ್ಚಿಸಿಕೊಂಡಳು. ಆ ಅರಳೆಯನ್ನು ತನ್ನ ಕಿವಿಗೇ ಇಟ್ಟುಕೊಂಡು, "ನಮ್ಮ ಮನಿತನದ ಮಾಲು, ಯಾಕ ಕೆಡಿಸೋದು" ಎಂದಳು. ರಾಯಚೂರಿನ ಥೆರಪಿಸ್ಟ್ ಹುಡುಗಿ, ಆಕೆ ನೀಲುವಿಗೆ ಮಾಡುತ್ತಿದ್ದ ಎಣ್ಣೆ ಮಾಲೀಸನ್ನು ಬಿಡಿಸಿ ಬೇರೆ ಅಭ್ಯಾಸ ಹೇಳಿಕೊಟ್ಟಾಗ, "ಆ ಹುಡುಗಿ ಹೇಳೋದ ಬರೋಬರಿ ಐತಿ" ಎಂದು ಒಪ್ಪಿದಳು. ಮುಂದಿನ ವಾರ ಲಿಂಗಸುಗೂರಿನಲ್ಲಿ ಅದನ್ನೇ ತಾನು ಕಂಡುಹಿಡಿದದ್ದೆಂದು ಹೇಳಿಕೊಂಡು ಬಂದಳಂತೆ.

ಇದನ್ನೆಲ್ಲ ಯಾಕೆ ಮಾಡುತ್ತೀರಿ ಎಂದು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ. ಸಾಲಗುಂದದವಳಿಗೆ, ತನ್ನ ತಮ್ಮನೂ ಹೀಗೇ ಇದ್ದ ಎಂದಿದ್ದಳು. ಥೆರಪಿಸ್ಟಿಗೆ, ತನ್ನ ಮಗಳು ಎಂದಿದ್ದಳು. ನನಗೆ ಮಾತ್ರ, "ನನಗ ತಲಿ ಸರಿ ಇಲ್ರಿ, ಅದಕ್ಕ ಇಂಥವ್ರ ಜೋಡಿ ಹೊಂದತೈತಿ" ಎಂದಳು. ಯಾವುದು ನಿಜವೋ ಇವತ್ತಿಗೂ ಗೊತ್ತಿಲ್ಲ.

ಪಕ್ಕದ ಮನೆಯವಳು ಕಂಪೌಂಡಿನ ಮೇಲಿಂದ ಇಣುಕಿ, "ಈ ಕೂಸಿಗೆ ಏನಾಗೈತ್ರಿ?" ಎಂದು ಕೇಳುವುದಿತ್ತು. ಕೇಳಿದಾಗೆಲ್ಲ ಶೈಲಾಳ ಮುಖ ಬಾಡುತ್ತಿತ್ತು. ಒಮ್ಮೆ ಮಸ್ಕಿ ಅಮ್ಮ ಅಲ್ಲೇ ಇದ್ದಳು. "ಆಕಿಗೆ ಏನೂ ಆಗಿಲ್ರಿ. ನಿಮ್ಮ ಕುತ್ತಿಗಿಗೆ ಏನಾಗೈತಿ? ಮೂರು ಹೊತ್ತೂ ಈ ಕಡೀಗೇ ತಿರುಗಿರತೈತಲ್ಲ?" ಪಾಪ, ಪಕ್ಕದ ಮನೆಯವಳು ಬಹಳ ದಿನ ಆ ಕಡೆ ಬರಲಿಲ್ಲ. ನನಗೆ ಇದು ಮ್ಯಾನರ್ಸ್ ಅನ್ನಿಸಲಿಲ್ಲ. ಖುಷಿ ಮಾತ್ರ ಬಹಳ ಆಯಿತು.

ಇನ್ನು ಆ ನೀರಿನ ಲೋಟ. ನಾವು ಅದನ್ನು ಬಿಡಿಸಲು ಹೆಣಗುತ್ತಿದ್ದೆವು. ಆಕೆ ಬೇಡವೆಂದಳು. "ಯಾಕ ಬಿಡಿಸ್ತೀರಿ? ಆಕಿಗೆ ಬರೋದ ಅದೊಂದು. ಅದಕ್ಕೊಂದು ಗಿರಾಕಿ ಹುಡುಕೋಣು." ಗಿರಾಕಿ ತಾನೇ ಆದಳು. ಬಂದವಳೇ ಹಿತ್ತಲಲ್ಲಿ ನೀಲುವಿನ ಎದುರು ಕುಕ್ಕರಗಾಲಲ್ಲಿ ಕೂತು, ಒಂದು ಲೋಟಕ್ಕೆ ಬದಲು ತನ್ನ ಬಾಯಿ ಒಡ್ಡುತ್ತಿದ್ದಳು. ಎಷ್ಟೋ ಸಲ ನೀರು ಮೂಗಿಗೆ ಹೋಯಿತು, ಇಳಕಲ್ ಸೀರೆ ತೊಯ್ದಿತು. ತಿಂಗಳುಗಟ್ಟಲೆ ಇದೇ ಆಟ. ಮೊದಲು ಬಾಯಿ, ಆಮೇಲೆ ಕೈ, ಆಮೇಲೆ ಪಡಸಾಲೆಯ ಕುರ್ಚಿಯವರೆಗೆ ಬಂದು ಕೊಡುವುದು. ಕೊನೆಗೊಂದು ದಿನ ಮನೆಗೆ ಬಂದ ಗ್ಯಾಸಿನವನ ಮುಂದೆ ನೀಲು ತಾನಾಗಿ ನೀರು ಹಿಡಿದು ನಿಂತಳು. ಅವನು ಒಲ್ಲೆ ಎಂದ. ಅವಳು ಕದಲಲಿಲ್ಲ. ಸಿಲಿಂಡರ್ ಹೊತ್ತು ಅತ್ತ ಹೋದರೆ ಅತ್ತ, ಇತ್ತ ಬಂದರೆ ಇತ್ತ.

"ಕುಡೀಪಾ" ಎಂದಳು ಮಸ್ಕಿ ಅಮ್ಮ. "ಕುಡಿಯೋತನ ಆಕಿ ಹೋಗಂಗಿಲ್ಲ."

ಅಂದಿನಿಂದ ನಮ್ಮ ಮನೆಗೆ ಯಾರೇ ಬಂದರೂ ನೀರು ಕುಡಿಯದೆ ಪಾರಾಗುವಂತಿಲ್ಲ. ತುಂಬಿದ ಲೋಟ, ಒಂದು ಹನಿ ಚೆಲ್ಲುವುದಿಲ್ಲ. ಕೊನೆಯ ಗುಟುಕು ಮುಗಿಯುವವರೆಗೂ ಎದುರಿಗೆ ನಿಲ್ಲುವುದು. ಮುಗಿದ ಮೇಲೆ ಲೋಟ ಇಸಿದುಕೊಂಡು, ಮುಖ ಕೂಡ ನೋಡದೆ ಹೊರಟುಹೋಗುವುದು. ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್ ನೆನಪಾಗುತ್ತಿದ್ದರು.

ಹೀಗಿರುವಾಗ ಲಿಂಗಸುಗೂರಿನಿಂದ ಫೋನು ಬಂತು. ಅದು ಶೈಲಾಳ ತವರು. ಅವಳ ತಮ್ಮ ಬಸುವಿನ ಮದುವೆ, ಮುದಗಲ್ಲಿನ ಹುಡುಗಿ. ಶೈಲಾಳ ತಾಯಿ, ಅಂದರೆ ನನ್ನ ಬೀಗತಿ, ಕೆಟ್ಟವರಲ್ಲ. ಅಂಜುಬುರುಕರು. ಶೈಲಾ ಫೋನನ್ನು ಸ್ಪೀಕರಿಗೆ ಹಾಕಿದಳು.

"ಶೈಲಾ, ನೀಲೂನ್ನ ನಿಮ್ಮತ್ತಿ ಹತ್ರ ಬಿಟ್ಟು ನೀ ಬಾ ಯವ್ವಾ. ಮಂದಿ, ಬ್ಯಾಂಡು... ಕೂಸಿಗೆ ತ್ರಾಸ ಆಗತೈತಿ. ಮತ್ತ ಮುದಗಲ್ಲಿನವ್ರಿಗೆ ನಾವಿನ್ನೂ ಏನೂ ಹೇಳಿಲ್ಲ."

ಶೈಲಾ ಫೋನು ಇಟ್ಟಳು. ತಮ್ಮನ ಮದುವೆಗೆಂದು ತಂದಿಟ್ಟಿದ್ದ ಸೀರೆಯನ್ನು ಟ್ರಂಕಿನ ತಳಕ್ಕೆ ಹಾಕಿದಳು. "ನನ್ನ ಮಗಳು ಬ್ಯಾಡಂದ್ರ ನಾನೂ ಬ್ಯಾಡ. ಇನ್ನ ನನಗ ತವರುಮನಿ ಇಲ್ಲ ಅತ್ತಿ" ಎಂದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಮಸ್ಕಿ ಅಮ್ಮನಿಗೆ ಇದನ್ನು ಹೇಳಿದೆವು. ಆಕೆ ಅವಲಕ್ಕಿಯ ಶೇಂಗಾ ಆರಿಸಿ ತಿನ್ನುತ್ತಾ ಕೇಳಿದಳು, "ಕಳಸ ಯಾರು ಹಿಡೀತಾರಂತ?"

ಮದುಮಕ್ಕಳ ಮುಂದೆ ತುಂಬಿದ ಕಳಸ ಹಿಡಿದು ನಡೆಯುವ ಹುಡುಗಿಗೆ ನಮ್ಮ ಕಡೆ ಕಳಸಗಿತ್ತಿ ಎನ್ನುತ್ತೇವೆ. ವರನ ಅಕ್ಕನಿಗೆ ಮಗಳಿದ್ದರೆ ಆ ಕಳಸ ಅವಳದೇ. ಬಾಜೂ ಮನೆಯ ಹುಡುಗಿಯನ್ನು ಗೊತ್ತು ಮಾಡಿದ್ದಾರೆ ಎಂದೆವು.

"ಸೋದರ ಸೊಸಿ ಜೀವಂತ ಇರಬೇಕಾದ್ರ ಬಾಜೂ ಮನ್ಯಾಕಿ ಯಾಕ?" ಆಕೆಯ ಕಣ್ಣಿನಲ್ಲಿ ಒಂದು ಥರದ ಬೆಳಕು ಬಂತು. ಸ್ಕೂಲಿನಲ್ಲಿ ಸಿಸ್ಟರ್ ಬೆನ್ನು ತಿರುಗಿಸಿದಾಗ ನನ್ನ ಬೆಂಚ್‌ಮೇಟ್ ಕಣ್ಣಲ್ಲಿ ಬರುತ್ತಿತ್ತಲ್ಲ, ಅದೇ. "ಟ್ರಂಕಿನ್ಯಾಗಿನ ಸೀರಿ ತಗಿ ಬೇ. ಕಾನ್ವೆಂಟ್ ಅಕ್ಕಾರ, ನಿಮ್ಮನ್ಯಾಗ ಹಿತ್ತಾಳಿ ತಂಬಿಗಿ ಐತೇನು?"

ಹಿತ್ತಲಿನ ನುಗ್ಗೆಗಿಡದ ಸುತ್ತ ತಾಲೀಮು ನಡೆಯಿತು. ನೀರು ತುಂಬಿದ ತಂಬಿಗೆ ಹಿಡಿಯಲು ನೀಲುವಿಗೆ ತಕರಾರಿಲ್ಲ. ತಕರಾರು ಮೇಲಿನ ತೆಂಗಿನಕಾಯಿಯದು. ಇಟ್ಟ ಕೂಡಲೇ ಎತ್ತಿ ಎಸೆಯುತ್ತಿದ್ದಳು, ಒಮ್ಮೆ ನನ್ನ ಕಾಲ ಮೇಲೆಯೇ. ನೀರಿನ ಮೇಲೆ ಕಾಯಿ ಯಾಕೆ ಎಂಬುದು ಅವಳ ವಾದವಿರಬೇಕು. ವಾದದಲ್ಲಿ ಹುರುಳಿತ್ತು. ಕಡೆಗೆ ಒಂದು ಸಣ್ಣ ಕಾಯಿಗೆ ರಾಜಿಯಾಯಿತು.

"ಬ್ಯಾಂಡಿಗೇನ್ ಮಾಡೂದ್ರಿ?" ಎಂದಳು ಶೈಲಾ.

"ಬ್ಯಾಂಡು ಹೊಡಿಯೂದಿಲ್ಲ."

"ಅಂದ್ರ?"

"ಹೊಡಿಯೂದಿಲ್ಲ ಅಂದ್ರ ಹೊಡಿಯೂದಿಲ್ಲ."

ಮದುವೆಯ ದಿನ ನಾವು ಸಿಂಧನೂರಿನಿಂದ ಕಾರಿನಲ್ಲಿ ಹೋದೆವು. ಆಕೆ ಮಸ್ಕಿಯಿಂದ ತನ್ನ ಬಸ್ಸಿನಲ್ಲಿ ಬಂದಳು. ಮಂಟಪದಲ್ಲಿ ನಾವು ಒಬ್ಬರಿಗೊಬ್ಬರು ಗುರುತಿಲ್ಲ ಎಂದು ಮೊದಲೇ ಮಾತಾಗಿತ್ತು. ಬಾಗಿಲಲ್ಲೇ ಬೀಗತಿ ನೀಲುವನ್ನು ಕಂಡು ಬಿಳಿಚಿಕೊಂಡರು. ಆದರೂ ಬಾಯಿ ತುಂಬ, "ಬರ್ರಿ, ಬರ್ರಿ. ಹಿಂದ ರೂಮಿನ್ಯಾಗ ಫ್ಯಾನು ಹಾಕಿಸೀನಿ, ಟಿವಿ ಐತಿ, ಕೂಸು ಆರಾಮ ಇರತೈತಿ" ಎನ್ನುತ್ತ ನಮ್ಮನ್ನು ಹಿಂದಿನ ಬಾಗಿಲ ಕಡೆ ತಳ್ಳತೊಡಗಿದರು. ಶೈಲಾ ತಲೆ ತಗ್ಗಿಸಿ ಹೆಜ್ಜೆ ಹಾಕಿದಳು. ಮುಗಿಯಿತು ಎಂದುಕೊಂಡೆ.

ಮುಂದಿನ ಸಾಲಿನಿಂದ ದನಿ ಬಂತು. "ಕಳಸಗಿತ್ತಿ ಎಲ್ಲಿ?"

ನಮ್ಮ ಮಸ್ಕಿ ಅಮ್ಮ ಸೋಫಾದ ನಟ್ಟನಡುವೆ, ಎಡಕ್ಕೆ ಲಿಂಗಸುಗೂರಿನವರು, ಬಲಕ್ಕೆ ಮುದಗಲ್ಲಿನವರು, ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದಳು. ಮದುವೆಯಲ್ಲಿ ಮುಂದಿನ ಸಾಲಿನಲ್ಲಿ ಸಿಟ್ಟಿನ ಮುಖ ಮಾಡಿಕೊಂಡು ಕೂತರೆ ಸಾಕು, ಜನ ತಾವಾಗಿಯೇ ನಿಮ್ಮನ್ನು ಬೀಗರನ್ನಾಗಿ ಮಾಡಿಬಿಡುತ್ತಾರೆ. ನನ್ನ ಬೀಗತಿ ಆಕೆಯನ್ನು ಮುದಗಲ್ಲಿನ ಯಾರೋ ಹಿರಿಯ ಅತ್ತೆಯೆಂದು ತಿಳಿದರು. ಮುದಗಲ್ಲಿನವರು ಲಿಂಗಸುಗೂರಿನ ಹಿರಿಯಳೆಂದು ತಿಳಿದರು. ಯಾರು ಎಂದು ಕೇಳಿದರೆ ಅವಮಾನವಾದೀತು. ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಮುಂಚೆ ಬೀಗರಿಗೆ ಅವಮಾನ ಮಾಡುವ ಧೈರ್ಯ ಯಾರಿಗಿದೆ?

"ಬಾಜೂ ಮನಿ ಹುಡುಗಿ ಅದಾಳ್ರಿ, ತಯಾರಾಗ್ಯಾಳ" ಎಂದರು ಬೀಗತಿ ಕೈ ಹಿಸುಕುತ್ತಾ.

"ಯಾಕ? ಹುಡುಗನ ಅಕ್ಕಗ ಮಗಳಿಲ್ಲೇನು?"

ಮುದಗಲ್ಲಿನ ಒಬ್ಬ ಮುದುಕರು, ಹೆಣ್ಣಿನ ಅಜ್ಜ ಇರಬೇಕು, ಬೀಗರ ಹಿರಿಯಳಿಗೆ ಸಪೋರ್ಟ್ ಮಾಡಲು ಹೋಗಿ, "ಹೌದ್ರಿ, ಸೋದರ ಸೊಸಿನ ಹಿಡೀಬೇಕು. ನಮ್ಮಲ್ಲೂ ಅದ ಪದ್ಧತಿ" ಎಂದುಬಿಟ್ಟರು.

"ಅದಾಳ್ರಿ" ಎಂದಳು ಶೈಲಾ, ಹಿಂದಿನ ಬಾಗಿಲ ಬಳಿಯಿಂದ. ಅಷ್ಟು ದೊಡ್ಡ ದನಿ ಅವಳಿಗಿದೆ ಎಂದು ನನಗೆ ಗೊತ್ತಿರಲಿಲ್ಲ. "ನನ್ನ ಮಗಳು. ಆಕಿಗೆ ಮಾತು ಬರಂಗಿಲ್ಲ. ಕಳಸ ಹಿಡಿಯಾಕ ಬರತೈತಿ."

ಮಂಟಪವೆಲ್ಲ ತಿರುಗಿ ನೋಡಿತು. ಇಷ್ಟು ದಿನ ಮುಚ್ಚಿಟ್ಟಿದ್ದು ಹೀಗೆ ಒಂದು ಉಸಿರಿನಲ್ಲಿ ಹೊರಗೆ ಬಂದಿತ್ತು. ಬೀಗತಿ ಕಂಬ ಹಿಡಿದುಕೊಂಡರು. ಹೆಣ್ಣಿನ ತಾಯಿ ಪಕ್ಕದವಳ ಕಿವಿಯಲ್ಲಿ ಏನೋ ಅಂದಳು.

ಮಸ್ಕಿ ಅಮ್ಮ ಯಾರಿಗೂ ಪುರಸೊತ್ತು ಕೊಡಲಿಲ್ಲ. "ಮಾತು ಕಳಸಕ್ಕ ಯಾಕ ಬೇಕು? ಮಾತಾಡಾಕ ನಾವಷ್ಟು ಮಂದಿ ಇಲ್ಲೇನು? ತರ್ರಿ, ಹೊತ್ತಾತು! ಆ ಬಾಜೂ ಮನಿ ಹುಡುಗಿ ಕೈಯಾಗ ಕನ್ನಡಿ ಕೊಡ್ರಿ, ಚೆಂದ ಅದಾಳ." ಆಮೇಲೆ ಬ್ಯಾಂಡಿನವನ ಕಡೆ ತಿರುಗಿ, "ಏ ತಮ್ಮಾ, ಕಳಸ ಬರೂ ಮುಂದ ಬಾರ್ಸಬಾರ್ದು. ಗೊತ್ತಿಲ್ಲೇನು ಪದ್ಧತಿ? ಹೋಗು, ಚಾ ಕುಡದು ಬಾ." ಅವನು ಎರಡೂ ಕಡೆಯ ಯಜಮಾನರನ್ನು ನೋಡಿದ. ಇವರು ಅವರ ಪದ್ಧತಿ ಎಂದುಕೊಂಡರು, ಅವರು ಇವರ ಪದ್ಧತಿ ಎಂದುಕೊಂಡರು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಬ್ಯಾಂಡು ಚಹಾಕ್ಕೆ ಹೋಯಿತು.

ಆ ನಿಶ್ಶಬ್ದದಲ್ಲಿ ನೀಲು ನಡೆದಳು. ಎರಡೂ ಕೈಯಲ್ಲಿ ಕಳಸ, ಅದರ ಮೇಲೆ ರಾಜಿಯಾದ ಸಣ್ಣ ಕಾಯಿ, ಕಣ್ಣು ನೀರಿನ ಮೇಲೆ. ಅವಳ ಹಿಂದೆ ಮದುಮಕ್ಕಳು. ಒಂದು ಹನಿ ಚೆಲ್ಲಲಿಲ್ಲ. ಶೈಲಾ ನನ್ನ ಮುಂಗೈ ಹಿಡಿದಿದ್ದ ಜಾಗದಲ್ಲಿ ಬಳೆಯ ಗುರುತು ಎಷ್ಟೋ ಹೊತ್ತು ಇತ್ತು.

ಎಲ್ಲ ಸುಸೂತ್ರ ಎನ್ನುವಾಗ, ಮದುಮಕ್ಕಳನ್ನು ಮೆಟ್ಟಿಲ ಬಳಿ ಬಿಟ್ಟು ನೀಲು ಕಳಸದ ಸಮೇತ ಬೇರೆ ದಾರಿ ಹಿಡಿದಳು. ಕಂಬದ ಹತ್ತಿರ ನಿಂತಿದ್ದ ತನ್ನ ಅಜ್ಜಿಯ ಎದುರು, ನನ್ನ ಬೀಗತಿಯ ಎದುರು, ಹೋಗಿ ನಿಂತು ಕಳಸ ಮುಂದೆ ಹಿಡಿದಳು. ತುಂಬಿದ ನೀರು ಕೈಯಲ್ಲಿದ್ದ ಮೇಲೆ ಅದನ್ನು ಯಾರಿಗಾದರೂ ಕುಡಿಸಬೇಕಲ್ಲ! ಇದು ನಮ್ಮ ತಾಲೀಮಿನಲ್ಲಿ ಇರಲಿಲ್ಲ.

ಅಯ್ಯನೋರು ಮೇಲಿನಿಂದ, "ಮುಹೂರ್ತ, ಮುಹೂರ್ತ" ಎಂದರು. ಯಾರೋ ನೀಲುವಿನ ಭುಜ ಹಿಡಿದು ತಿರುಗಿಸಲು ಬಂದರು. ಅವಳ ಗಂಟಲಿನಿಂದ ಸಣ್ಣ ಸದ್ದೊಂದು ಹೊರಟಿತು. ಆ ಸದ್ದು ನಮಗೆ ಗೊತ್ತು. ಅದರ ಹಿಂದೆಯೇ ಕಿರುಚಾಟ ಬರುತ್ತದೆ.

"ಮುಟ್ಟಬ್ಯಾಡ್ರಿ" ಎಂದಳು ಮಸ್ಕಿ ಅಮ್ಮ. ಬೀಗತಿಯ ಕಡೆ ನೋಡಿ, ಮೊದಲ ಸಲ ಮೆಲ್ಲಗೆ ಹೇಳಿದಳು. "ಕುಡೀರಿ ತಾಯಿ. ಕುಡಿಯೋತನ ಆಕಿ ಹೋಗಂಗಿಲ್ಲ."

ಬೀಗತಿ ಮೊಮ್ಮಗಳನ್ನು ನೋಡಿದರು. ಎಷ್ಟೋ ದಿನಗಳಿಂದ ಅವರು ಅವಳನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಕಾಯಿ ತೆಗೆದು ಬಗಲಲ್ಲಿಟ್ಟುಕೊಂಡರು, ಎಲೆ ಸರಿಸಿದರು, ಕಳಸಕ್ಕೆ ಬಾಯಿ ಹಚ್ಚಿ ಗಟಗಟ ಕುಡಿದರು. ನೀರು ಗದ್ದದಿಂದ ಇಳಿದು ರೇಷ್ಮೆ ಸೀರೆ ತೊಯ್ದಿತು. ಗದ್ದದ ಮೇಲಿನದೆಲ್ಲ ಕಳಸದ್ದಲ್ಲ ಎಂದು ನನ್ನ ಅನುಮಾನ. ನೀಲು ಕಳಸ ಇಸಿದುಕೊಂಡು, ಒಳಗೆ ಇನ್ನೂ ನೀರಿರುವುದನ್ನು ನೋಡಿ, ಸೀದಾ ಹೆಣ್ಣಿನ ತಾಯಿಯ ಮುಂದೆ ಹೋಗಿ ನಿಂತಳು.

ಆಕೆ ಗಾಬರಿಯಿಂದ ಗಂಡನಿಗೆ, "ಇವರ ಕಡೆ ಹಿಂಗೈತೇನ್ರಿ?" ಎಂದು ಪಿಸುಗುಟ್ಟಿದಳು.

"ಇರಬೇಕು. ಕುಡಿ" ಎಂದ ಆತ.

ಆಕೆ ಕುಡಿದಳು. ಆತ ಕುಡಿದ. ಸಪೋರ್ಟ್ ಮಾಡಿದ ಅಜ್ಜ ಕೇಳಿ ಇಸಿದುಕೊಂಡು ಕುಡಿದರು. ಕಳಸ ಖಾಲಿಯಾದ ಮೇಲೆ ನೀಲು ಅದನ್ನು ನೆಲಕ್ಕಿಟ್ಟು ತಾಯಿಯ ಹತ್ತಿರ ಬಂದಳು. ಅಕ್ಕಿಕಾಳು ಬಿದ್ದವು. ಮುಹೂರ್ತ ತುಸು ಮೀರಿತ್ತು. ಮದುಮಕ್ಕಳು ಈಗಲೂ ಚೆನ್ನಾಗಿಯೇ ಇದ್ದಾರೆ.

ಅದಾದ ಮೇಲೆ ಎಲ್ಲ ಮಧುರ ಎಂದು ಬರೆದರೆ ಸುಳ್ಳಾಗುತ್ತದೆ. ಊಟದ ಹಾಲಿನ ಗದ್ದಲಕ್ಕೆ ನೀಲು ಕಿರುಚಿ, ತಟ್ಟೆ ಎಸೆದು, ಹೋಳಿಗೆ ಒಬ್ಬರ ಧೋತ್ರದ ಮೇಲೆ ಬಿತ್ತು. ಕೊನೆಗೆ ಆ ಫ್ಯಾನಿನ ರೂಮಿಗೇ ಹೋದೆವು. ಆದರೆ ಈ ಸಲ ಬೀಗತಿಯೂ ಬಂದರು. ಹೆಣ್ಣಿನ ಕಡೆಯವರನ್ನು ಬಿಟ್ಟು, ಬಾಗಿಲು ಹಾಕಿಕೊಂಡು, ಮೊಮ್ಮಗಳ ಎದುರು ನೆಲದ ಮೇಲೆ ಕೂತು ಎರಡು ಲೋಟ ಮುಂದಿಟ್ಟರು. ಮಗಳಿಗೆ ಮಾತ್ರ, "ನೀ ಹೋಗು ಶೈಲಾ, ತಮ್ಮನ ಬಾಜೂಕ ನಿಂತು ಫೋಟೊ ತಗಿಸ್ಕೊ. ಮತ್ತ, ದೀಪಾವಳಿಗೆ ನೀನು, ನೀಲು ಇಬ್ರೂ ಬರ್ರಿ" ಎಂದರು.

ಹಿಂತಿರುಗುವಾಗ ನಮ್ಮ ಕಾರಿನಲ್ಲಿ ಮಸ್ಕಿಯವರೆಗೆ ಬಂದ ಆಕೆಗೆ ನಾನು ಹೇಳಿದೆ, "ನೀವು ಅಷ್ಟೂ ಜನರಿಗೆ ಸುಳ್ಳು ಹೇಳಿದಿರಿ."

"ನಾ ಎಲ್ಲಿ ಹೇಳೀನ್ರಿ? ಯಾರೂ ಕೇಳಲೇ ಇಲ್ಲ!" ಸೆರಗಿನ ಗಂಟಿನಿಂದ ಒಂದು ಹೋಳಿಗೆ ತೆಗೆದು ಮುರಿದಳು. "ಎರಡೂ ಕಡೆಯವ್ರು ಸೀರಿ ಕೊಟ್ಟು ಆಹೇರಿ ಮಾಡಿದ್ರು. ಇಂಥ ಮದಿವಿ ಇನ್ನೊಂದಿದ್ರ ಹೇಳ್ರಿ."

ಇದರ ಮುಂದಿನ ಫಜೀತಿ ಕೇಳಿ. ಎರಡು ವರ್ಷದ ಮೇಲೆ ಮುದಗಲ್ಲಿನ ಆ ಮನೆಯಲ್ಲೇ ಇನ್ನೊಂದು ಮದುವೆಯಾಯಿತು. ಲಿಂಗಸುಗೂರಿನವರ ಮನಸ್ಸು ನೋಯಬಾರದೆಂದು ಅವರು ಬ್ಯಾಂಡು ನಿಲ್ಲಿಸಿ, ಕಳಸದ ನೀರನ್ನು ಹಿರಿಯರಿಗೆಲ್ಲ ಕುಡಿಸಿದರು. ಇವರು ಅವರ ಮನಸ್ಸು ನೋಯಬಾರದೆಂದು ಭಕ್ತಿಯಿಂದ ಕುಡಿದರು. ಈಗ ಎರಡೂ ಮನೆತನಗಳಲ್ಲಿ ಅದು ತಲೆತಲಾಂತರದ ಸಂಪ್ರದಾಯ. ಅದರ ಅರ್ಥವೇನೆಂದು ಅಯ್ಯನೋರು ಇತ್ತೀಚೆಗೆ ವಿವರಿಸತೊಡಗಿದ್ದಾರಂತೆ. ಇದನ್ನು ಹೇಳಿದಾಗ ಮಸ್ಕಿ ಅಮ್ಮ ನಕ್ಕು ನಕ್ಕು ಎಲೆಯಡಿಕೆ ನೆತ್ತಿಗೆ ಹತ್ತಿ, ನೀಲು ನೀರು ತರಬೇಕಾಯಿತು.

ಹೋದ ವರ್ಷ ಆಕೆ ಬರುವುದು ನಿಂತಿತು. ರಾಯಚೂರಿನ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ ಎಂದು ಗೊತ್ತಾಗಿ, ಶೈಲಾ, ನೀಲು, ನಾನು ಬಸ್ಸಿನಲ್ಲಿ ಮಸ್ಕಿಗೆ ಹೋದೆವು. ಕಂಡಕ್ಟರ್ ಡ್ರೈವರ್ ಹಿಂದಿನ ಸೀಟು ಖಾಲಿ ಮಾಡಿಸಿ ನಮ್ಮನ್ನು ಕೂರಿಸಿದ.

ಆಕೆ ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಇಳಕಲ್ ಸೀರೆಯೊಳಗೆ ಆಕೆ ಎಲ್ಲಿದ್ದಾಳೆ ಎಂದು ಹುಡುಕಬೇಕಿತ್ತು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. "ಬಂದ್ರೇನು ಕಾನ್ವೆಂಟ್ ಅಕ್ಕಾರ? ನನ್ನ ನೋಡಾಕ ಬಂದ್ರೋ, ಅವಲಕ್ಕಿ ಸಾಲ ತೀರಸ್ಕೊಳ್ಳಾಕ ಬಂದ್ರೋ?"

ನಿಜ ಹೇಳಿ, ಇದನ್ನೆಲ್ಲ ಯಾಕೆ ಮಾಡಿದಿರಿ ಎಂದು ಕೇಳಿದೆ. "ಮದಿವಿ ಊಟದ ಆಸೇಕ್ರೀ" ಎಂದಳು.

ನೀಲು ಅಷ್ಟರಲ್ಲಿ ಆ ಮನೆಯ ಅಡುಗೆಮನೆ ಹುಡುಕಿಕೊಂಡು ಹೋಗಿ ಲೋಟ ತುಂಬಿ ತಂದಿದ್ದಳು. ಈಗ ಎತ್ತರಕ್ಕೆ ಬೆಳೆದಿದ್ದಾಳೆ, ಆದರೂ ಅದೇ ನಿಲುವು. ಆಕೆ ಎರಡೂ ಕೈಯಿಂದ ಲೋಟ ಹಿಡಿದು ಗುಟುಕು ಗುಟುಕಾಗಿ ಕುಡಿದಳು. ಕುಡಿಯುವುದು ತ್ರಾಸವಾಗುತ್ತಿತ್ತು, ಕಾಣುತ್ತಿತ್ತು. ಕುಡಿಯುತ್ತಾ ಕುಡಿಯುತ್ತಾ ನಡುವೆಯೇ ನಿಲ್ಲಿಸಿದಳು. ಲೋಟವನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು.

ಹೊರಗೆ ಸಿಂಧನೂರು ಬಸ್ಸು ಹಾರ್ನ್ ಹೊಡೆಯಿತು. ಶೈಲಾ ಎದ್ದಳು, ನಾನೂ ಎದ್ದೆ. ನೀಲು ಏಳುವ ಮಾತೇ ಇಲ್ಲ, ಅವಳು ನಿಂತೇ ಇದ್ದಳು. ಆಕೆಗೆ ನಿದ್ದೆ ಹತ್ತಿದೆ ಎಂದುಕೊಂಡು ಶೈಲಾ ಮೆಲ್ಲಗೆ ಆ ಲೋಟ ತೆಗೆಯಲು ಹೋದಳು. ಬಗ್ಗಿ ನೋಡಿದೆ. ತಳದಲ್ಲಿ ಒಂದು ಗುಟುಕು ನೀರಿತ್ತು. ಲೋಟದ ಸುತ್ತ ಆಕೆಯ ಬೆರಳುಗಳು ಬಿಗಿಯಾದವು.

"ತಡೀರಿ" ಎಂದಳು, ಕಣ್ಣು ತೆರೆಯದೆ. ತುಟಿಯ ಅಂಚಿನಲ್ಲಿ ಆ ಹಳೆಯ ಕಳ್ಳನಗೆ. "ಇನ್ನೂ ಐತಿ."

ಬಸ್ಸು ಹೋಯಿತು. ನಾವು ಮತ್ತೆ ಕೂತೆವು.